ಟಯರಿನಿಂದ ಮೆಲ್ಲನೆ ಸೋರುವ ಗಾಳಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬೆಳೆದ ಫಲವೆಲ್ಲವೂ ಚಕ್ರವನ್ನೇರಿಯೇ ಹೊರಗೆ ಹೋಗಬೇಕು. ತೋಟದಿಂದ ಮನೆಗೆ ಕಾಯಿ, ಅಟ್ಟದಿಂದ ಮಾರುಕಟ್ಟೆಗೆ ಕೊಬ್ಬರಿ, ನಾರಿನ ಕಾರ್ಖಾನೆಗೆ ಮಟ್ಟೆ, ಅಲ್ಲಿಂದ ದೂರದೇಶಗಳಿಗೆ ನಾರು ಮತ್ತು ಹಗ್ಗ. ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಬಿಗಿಯುತ್ತಿದ್ದ ಕಾಲದಲ್ಲಿ ದಾರಿಯ ಮುಳ್ಳಿಗೆ ಯಾರೂ ಅಂಜಬೇಕಾಗಿರಲಿಲ್ಲ. ಈಗಲಾದರೋ ಶಾಲೆಗೆ ಹೋಗುವ ಹುಡುಗನ ಸೈಕಲ್ಲಿನಿಂದ ಹಿಡಿದು ಕೊಬ್ಬರಿ ತುಂಬಿದ ಲಾರಿಯವರೆಗೆ ಎಲ್ಲವೂ ನಿಂತಿರುವುದು ಗಾಳಿಯ ಮೇಲೆ. ಎತ್ತಿನ ಗಾಡಿಯೂ ಟಯರು ಗಾಡಿಯಾಯಿತು. ತೋಟದ ಬೇಲಿಯಲ್ಲಿರುವ ಜಾಲಿಯ ಮುಳ್ಳು ಮಾತ್ರ ಹಿಂದಿನಂತೆಯೇ ಚೂಪಾಗಿದೆ.

ಮೊಳೆಯೊಂದು ನಾಟಿ ಗಾಳಿಯೆಲ್ಲ ಒಮ್ಮೆಗೇ ಹೊರಟುಹೋದರೆ ಸವಾರನಿಗೆ ಕೂಡಲೇ ತಿಳಿಯುತ್ತದೆ. ಅವನು ಇಳಿಯುತ್ತಾನೆ, ಬಯ್ದುಕೊಳ್ಳುತ್ತಾನೆ, ತಳ್ಳಿಕೊಂಡು ಹೋಗುತ್ತಾನೆ. ಮೆಲ್ಲನೆ ಸೋರುವ ಗಾಳಿಯ ಸ್ವಭಾವ ಹಾಗಲ್ಲ. ರಾತ್ರಿ ಗಟ್ಟಿಯಾಗಿದ್ದ ಚಕ್ರ ಬೆಳಗ್ಗೆ ಸ್ವಲ್ಪ ಮೆತ್ತಗಾಗಿರುತ್ತದೆ. ಗಾಳಿ ತುಂಬಿದರೆ ಸರಿಹೋಗುತ್ತದೆ; ನಾಲ್ಕು ದಿನ ಕಳೆದರೆ ಮತ್ತೆ ಅದೇ ಸ್ಥಿತಿ. ಪೇಟೆಯ ಮಾತಿನಲ್ಲಿ ಇದಕ್ಕೆ ಸ್ಲೋ ಪಂಕ್ಚರು ಎಂದು ಹೆಸರು. ಇದನ್ನು ಬರಿಯ ಬೇಸರದ ಸಂಗತಿಯೆಂದು ತಿಳಿಯುವವರೇ ಹೆಚ್ಚು. ವಸ್ತುತಃ ಇದು ಒಮ್ಮೆಗೇ ಆಗುವ ಪಂಕ್ಚರಿಗಿಂತ ಅಪಾಯಕರ.

ಕಾರಣವಿಷ್ಟು. ಉರುಳುವ ಚಕ್ರದಲ್ಲಿ ನೆಲಕ್ಕೆ ತಗಲಿದ ಭಾಗವು ಚಪ್ಪಟೆಯಾಗುತ್ತದೆ, ನೆಲವನ್ನು ಬಿಟ್ಟೊಡನೆ ಮತ್ತೆ ದುಂಡಗಾಗುತ್ತದೆ. ರಬ್ಬರನ್ನು ಬಗ್ಗಿಸಲು ವ್ಯಯವಾದ ಶಕ್ತಿಯೆಲ್ಲವೂ ಅದು ಹಿಂದಿನ ಆಕಾರಕ್ಕೆ ಬರುವಾಗ ಹಿಂದಿರುಗುವುದಿಲ್ಲ. ಒಂದಂಶ ಶಾಖವಾಗಿ ರಬ್ಬರಿನಲ್ಲೇ ಉಳಿಯುತ್ತದೆ. ಒತ್ತಡ ಕಡಮೆಯಾದಷ್ಟೂ ಟಯರಿನ ಪಕ್ಕಗಳು ಹೆಚ್ಚು ಬಗ್ಗುತ್ತವೆ, ಶಾಖವೂ ಹೆಚ್ಚುತ್ತದೆ. ರಬ್ಬರು ಶಾಖವನ್ನು ಬೇಗ ಹೊರಗೆ ಬಿಡುವ ವಸ್ತುವಲ್ಲವಾದುದರಿಂದ ಅದು ಒಳಗೊಳಗೇ ಕೂಡಿಕೊಳ್ಳುತ್ತ ಹೋಗಿ, ರಬ್ಬರಿಗೂ ಅದರೊಳಗಿನ ದಾರದ ಪದರಗಳಿಗೂ ಇರುವ ಬೆಸುಗೆ ಸಡಿಲವಾಗುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಹೋಗುತ್ತಿರುವಾಗ ಇಂತಹ ಟಯರು ಸಿಡಿಯುವುದುಂಟು. ಲಾರಿಯ ಹಿಂದಿನ ಜೋಡಿ ಚಕ್ರಗಳಲ್ಲಿ ಇನ್ನೊಂದು ಕೇಡೂ ಸೇರಿಕೊಳ್ಳುತ್ತದೆ. ಒಳಗಿನ ಟಯರಿನ ಗಾಳಿ ಇಳಿದರೂ ಹೊರಗಿನದು ಭಾರವನ್ನು ಹೊತ್ತು ನಿಂತಿರುವುದರಿಂದ ಕಣ್ಣಿಗೆ ಏನೂ ಕಾಣದು. ಇಳಿದ ಟಯರು ನೆರೆಯದಕ್ಕೆ ಉಜ್ಜಿ ಬಿಸಿಯಾಗುತ್ತದೆ; ಹೀಗೆ ಕಾಯ್ದ ಟಯರುಗಳು ಬೆಂಕಿ ಹೊತ್ತಿಕೊಂಡ ನಿದರ್ಶನಗಳಿವೆ. ಮೇಲಿರುವ ಸರಕಾದರೂ ಏನು? ಶೇಕಡಾ 60ಕ್ಕೂ ಮಿಕ್ಕಿ ಎಣ್ಣೆಯಿರುವ ಕೊಬ್ಬರಿ, ಅಥವಾ ಒಣಗಿದ ನಾರು. ಲಾರಿಯ ಚಾಲಕರು ಹೊರಡುವ ಮೊದಲು ಕಬ್ಬಿಣದ ಸಲಾಕೆಯಿಂದ ಪ್ರತಿಯೊಂದು ಟಯರನ್ನೂ ಬಡಿದು ಕಿವಿಗೊಡುವುದನ್ನು ನೀವು ನೋಡಿರಬಹುದು. ಗಾಳಿ ತುಂಬಿದ ಟಯರು ಸಲಾಕೆಯನ್ನು ಪುಟಿದೆಬ್ಬಿಸಿ ಚುರುಕಾದ ನಾದ ಕೊಡುತ್ತದೆ. ಇಳಿದ ಟಯರು ಪೆಟ್ಟನ್ನು ನುಂಗಿ ಮಂದವಾಗಿ ಸದ್ದು ಮಾಡುತ್ತದೆ. ಒರಟು ಪರೀಕ್ಷೆಯಾದರೂ ಒಳಗಿನ ಚಕ್ರದ ಮಟ್ಟಿಗೆ ಬುದ್ಧಿವಂತಿಕೆಯದು. ಆದರೆ ಅರ್ಧದಷ್ಟು ಇಳಿದುದನ್ನು ಅದು ಹೇಳಬಲ್ಲದೇ ಹೊರತು ಐದು ಪೌಂಡಿನ ವ್ಯತ್ಯಾಸವನ್ನು ಹೇಳಲಾರದು. ಅದಕ್ಕೆ ಒತ್ತಡಮಾಪಕವೇ ಬೇಕು.

ಮಾಪಕವನ್ನು ಹಿಡಿದೊಡನೆ ಬೇರೊಂದು ಪ್ರಶ್ನೆ ಏಳುತ್ತದೆ. ಒತ್ತಡ ಇಳಿದುದೆಲ್ಲವೂ ಸೋರಿಕೆಯೇ? ಅಲ್ಲ. ಇಲ್ಲಿ ಭೌತಶಾಸ್ತ್ರದ ಒಂದು ಪಾಠವನ್ನು ನೆನಪಿಗೆ ತಂದುಕೊಳ್ಳಬೇಕು. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡವು ಅದರ ನಿರಪೇಕ್ಷ ಉಷ್ಣತೆಗೆ ಅನುಪಾತವಾಗಿರುತ್ತದೆ. ಆದರೆ ಈ ಸೂತ್ರದಲ್ಲಿ ಬರುವ ಒತ್ತಡ ಮಾಪಕ ತೋರಿಸುವ ಒತ್ತಡವಲ್ಲ. ಮಾಪಕವು ಒಳಗಿನ ಗಾಳಿಗೂ ಹೊರಗಿನ ವಾಯುಮಂಡಲಕ್ಕೂ ಇರುವ ಅಂತರವನ್ನಷ್ಟೆ ತೋರಿಸುತ್ತದೆ. ತಿಪಟೂರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿ ವಾಯುಮಂಡಲದ ಒತ್ತಡ ಚದರ ಅಂಗುಲಕ್ಕೆ ಸುಮಾರು 13 ಪೌಂಡು. ಮಾಪಕದಲ್ಲಿ 30 ಪೌಂಡು ಕಂಡರೆ ಟಯರಿನೊಳಗಿನ ನಿಜವಾದ ಒತ್ತಡ 43 ಪೌಂಡು. ಮಧ್ಯಾಹ್ನ 33 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ, ಎಂದರೆ ನಿರಪೇಕ್ಷ ಮಾನದಲ್ಲಿ 306 ಡಿಗ್ರಿಯಲ್ಲಿ, ಈ ಗಾಳಿಯನ್ನು ತುಂಬಿದೆವೆನ್ನಿ. ಮಾಗಿಯ ಬೆಳಗಿನ ಜಾವ ಉಷ್ಣತೆ 15 ಡಿಗ್ರಿಗೆ, ಎಂದರೆ 288ಕ್ಕೆ ಇಳಿಯಿತು. 43ನ್ನು 288ರಿಂದ ಗುಣಿಸಿ 306ರಿಂದ ಭಾಗಿಸಿದರೆ ನಲವತ್ತೂವರೆಯಷ್ಟು ಬರುತ್ತದೆ. ಅದರಲ್ಲಿ ಹೊರಗಿನ 13ನ್ನು ಕಳೆದರೆ ಮಾಪಕ ತೋರಿಸುವುದು ಇಪ್ಪತ್ತೇಳೂವರೆ. ಒಂದು ಅಣುವೂ ಹೊರಗೆ ಹೋಗದೆ ಎರಡೂವರೆ ಪೌಂಡು ಕಾಣೆಯಾಯಿತು! ಬಿಸಿಲೇರಿದ ಮೇಲೆ ಅದು ತಾನಾಗಿಯೇ ಹಿಂದಿರುಗುತ್ತದೆ.

ಎತ್ತರವೂ ಹೀಗೆಯೇ ಮೋಸಗೊಳಿಸುತ್ತದೆ. ತಿಪಟೂರಿನಲ್ಲಿ ಗಾಳಿ ತುಂಬಿಕೊಂಡು ಘಟ್ಟವಿಳಿದು ಮಂಗಳೂರನ್ನೋ ಹೊನ್ನಾವರವನ್ನೋ ಸೇರಿದ ವಾಹನದ ಮಾಪಕವು, ಉಷ್ಣತೆ ಒಂದೇ ಆಗಿದ್ದರೆ, ಸುಮಾರು ಒಂದೂವರೆ ಪೌಂಡು ಕಡಮೆ ತೋರಿಸುತ್ತದೆ. ಅಲ್ಲಿ ಹೊರಗಿನ ವಾಯುವೇ ಅಷ್ಟು ಹೆಚ್ಚು ಒತ್ತುತ್ತದೆ. ಆದುದರಿಂದ ಸೋರಿಕೆಯ ಅನುಮಾನವುಳ್ಳವನು ಒಂದೇ ಮಾಪಕದಿಂದ, ಒಂದೇ ಸ್ಥಳದಲ್ಲಿ, ಗಾಡಿ ಓಡುವುದಕ್ಕೆ ಮುಂಚೆ, ಮೂರು ನಾಲ್ಕು ಬೆಳಗ್ಗೆ ಅಳೆದು ಬರೆದಿಟ್ಟುಕೊಳ್ಳಬೇಕು. ಎಲ್ಲ ಚಕ್ರಗಳೂ ಒಂದೇ ಸಮನಾಗಿ ಇಳಿದಿದ್ದರೆ ಅದು ಹವೆಯ ಕೆಲಸ. ಒಂದು ಮಾತ್ರ ಇಳಿದಿದ್ದರೆ ಅದರಲ್ಲಿ ರಂಧ್ರವುಂಟು.

ರಂಧ್ರವೇ ಇಲ್ಲದ ಟಯರಿನಿಂದಲೂ ಗಾಳಿ ಹೋಗದಿರುವುದಿಲ್ಲ. ಅನಿಲದ ಅಣುಗಳು ರಬ್ಬರಿನಲ್ಲಿ ಕರಗಿ, ಅದರ ಉದ್ದವಾದ ಅಣುಸರಪಣಿಗಳ ನಡುವೆ ನುಸುಳಿ ಹೊರಗೆ ಬರುತ್ತವೆ. 1937ರಲ್ಲಿ ಅಮೆರಿಕದ ರಾಬರ್ಟ್ ಥಾಮಸ್ ಮತ್ತು ವಿಲಿಯಂ ಸ್ಪಾರ್ಕ್ಸ್ ಕಂಡುಹಿಡಿದ ಬ್ಯೂಟೈಲ್ ರಬ್ಬರಿನಲ್ಲಿ ಈ ನುಸುಳಾಟವು ಸಹಜ ರಬ್ಬರಿನಲ್ಲಿರುವುದರ ಹತ್ತರಲ್ಲೊಂದು ಪಾಲಿನಷ್ಟೂ ಇಲ್ಲ. ಇಂದಿನ ಟ್ಯೂಬುಗಳೂ ಟ್ಯೂಬಿಲ್ಲದ ಟಯರುಗಳ ಒಳಪದರವೂ ಬಹುಮಟ್ಟಿಗೆ ಈ ಜಾತಿಯ ರಬ್ಬರಿನಿಂದಲೇ ಆದವು. ಆದರೂ ಕಾರಿನ ಟಯರು ತಿಂಗಳಿಗೆ ಒಂದೆರಡು ಪೌಂಡು ಕಳೆದುಕೊಳ್ಳುವುದು ಸ್ವಾಭಾವಿಕ. ಅಷ್ಟಕ್ಕೆ ಅಂಗಡಿಗೆ ಓಡಬೇಕಾಗಿಲ್ಲ. ಬರಿಯ ನೈಟ್ರೊಜನ್ ತುಂಬಿಸಿದರೆ ಈ ನಷ್ಟ ಕೊಂಚ ಕಡಮೆಯಾಗುವುದು ನಿಜ. ಆದರೆ ಸಾಧಾರಣ ಗಾಳಿಯಲ್ಲೇ ಶೇಕಡಾ 78 ಭಾಗ ನೈಟ್ರೊಜನ್ ಇದೆ. ಮುಳ್ಳು ಮಾಡಿದ ತೂತಿಗಂತೂ ಎರಡೂ ಒಂದೇ.

ಇನ್ನು ತೂತನ್ನು ಹುಡುಕುವ ಮಾತು. ಮೊದಲು ಲೆಕ್ಕ ಹಾಕೋಣ. ಎಷ್ಟು ತಾಳ್ಮೆ ಬೇಕೆಂಬುದು ಅದರಿಂದ ತಿಳಿಯುತ್ತದೆ. ಕಾರಿನ ಒಂದು ಟಯರಿನಲ್ಲಿ ಸುಮಾರು 30 ಲೀಟರು ಜಾಗವಿರುತ್ತದೆ. ದಿನಕ್ಕೆ 3 ಪೌಂಡು ಇಳಿಯುವುದಾದರೆ ಹೊರಗಿನ ಒತ್ತಡದಲ್ಲಿ ಅಳೆದಂತೆ ಸುಮಾರು 7 ಲೀಟರು ಗಾಳಿ ಹೋಗಿರುತ್ತದೆ. ದಿನಕ್ಕೆ 86,400 ಸೆಕೆಂಡು. ಸೆಕೆಂಡಿಗೆ ಒಂದು ಮಿಲಿಲೀಟರಿನ ಹನ್ನೆರಡನೆಯ ಒಂದು ಭಾಗದಷ್ಟಾಯಿತು. 4 ಮಿಲಿಮೀಟರು ಅಡ್ಡಳತೆಯ ಗುಳ್ಳೆಯಲ್ಲಿ ಮಿಲಿಲೀಟರಿನ ಮೂವತ್ತನೆಯ ಒಂದು ಭಾಗ ಗಾಳಿಯಿರುತ್ತದೆ. ಹಾಗಾದರೆ ನೀರಿನೊಳಗೆ ಆ ತೂತಿನಿಂದ ಸೆಕೆಂಡಿಗೆ ಎರಡು ಮೂರು ಗುಳ್ಳೆಗಳು ಏಳಬೇಕು. ಇದನ್ನು ಕಾಣುವುದು ಸುಲಭ. ಅದೇ 3 ಪೌಂಡು ಹತ್ತು ದಿನಗಳಲ್ಲಿ ಇಳಿಯುವುದಾದರೆ ನಾಲ್ಕು ಸೆಕೆಂಡಿಗೊಂದು ಗುಳ್ಳೆ. ತಿಂಗಳಲ್ಲಿ ಇಳಿಯುವುದಾದರೆ ಹನ್ನೆರಡು ಸೆಕೆಂಡಿಗೊಂದು. ಟ್ಯೂಬನ್ನು ತೊಟ್ಟಿಯಲ್ಲಿ ಅದ್ದಿ ಸರಸರನೆ ತಿರುಗಿಸಿ, “ಎಲ್ಲೂ ಇಲ್ಲ ಸ್ವಾಮಿ” ಎಂದು ಹಿಂದಿರುಗಿಸುವವನಿಗೆ ಈ ಗುಳ್ಳೆ ಸಿಕ್ಕುವ ಸಂಭವವಿಲ್ಲ. ಪ್ರತಿಯೊಂದು ಗೇಣನ್ನೂ ನೀರಿನಲ್ಲಿ ಅಲುಗದಂತೆ ಹಿಡಿದು ನಿಧಾನವಾಗಿ ಇಪ್ಪತ್ತರವರೆಗೆ ಎಣಿಸಬೇಕು. ಮೊದಲು ಮೈಗೆ ಅಂಟಿ ಬಂದ ಗುಳ್ಳೆಗಳನ್ನು ಕೈಯಿಂದ ಸವರಿ ತೆಗೆದುಬಿಟ್ಟರೆ ಮತ್ತೆ ಅದೇ ಜಾಗದಲ್ಲಿ ಹುಟ್ಟುವ ಗುಳ್ಳೆಯೇ ಅಪರಾಧಿ.

ಚಕ್ರವನ್ನು ಬಿಚ್ಚುವ ಮೊದಲು ವಾಲ್ವನ್ನು ನೋಡತಕ್ಕದ್ದು. ಬಿಚ್ಚಿ, ಒದ್ದಾಡಿ, ಕೊನೆಗೆ ವಾಲ್ವೇ ಸೋರುತ್ತಿತ್ತೆಂದು ತಿಳಿಯುವುದು ಎಲ್ಲ ಅಂಗಡಿಗಳಲ್ಲೂ ನಡೆಯುವ ಕಥೆ. ಹಳೆಯ ಮಾದರಿಯ ಸೈಕಲ್ಲಿನಲ್ಲಿ ಒಳಬರುವ ಗಾಳಿಗೆ ದಾರಿ ಬಿಟ್ಟು ಹೊರಹೋಗುವುದನ್ನು ತಡೆಯುವುದು ಒಂದು ತುಂಡು ವಾಲ್‌ಟ್ಯೂಬು. ಲೋಹದ ಕೊಳವೆಯ ಪಕ್ಕದ ತೂತನ್ನು ಈ ತೆಳುವಾದ ರಬ್ಬರು ಅಪ್ಪಿಕೊಂಡಿರುತ್ತದೆ. ವಯಸ್ಸಾದಂತೆ ಅದು ಬಿರಿಯುತ್ತದೆ, ಇಲ್ಲವೆ ಅಂಟಂಟಾಗುತ್ತದೆ. ಇದನ್ನು ಪರೀಕ್ಷಿಸಲು ಉಪಾಯವೊಂದುಂಟು. ವಾಲ್ವು ಮೇಲಕ್ಕೆ ಬರುವಂತೆ ಚಕ್ರವನ್ನು ತಿರುಗಿಸಿದರೆ ಅದರ ಬಾಯಿ ಗುಂಬದ ಕಡೆಗೆ, ಎಂದರೆ ಕೆಳಕ್ಕೆ, ಮುಖ ಮಾಡಿರುತ್ತದೆ. ಆಗ ಕಡ್ಡಿಗಳ ನಡುವೆ ನೀರು ತುಂಬಿದ ಚಿಕ್ಕ ಲೋಟವನ್ನು ಹಿಡಿದು ಮೇಲೆತ್ತಿದರೆ ವಾಲ್ವು ಪೂರ್ತಿ ಮುಳುಗುತ್ತದೆ. ಮೋಟಾರು ವಾಹನಗಳಲ್ಲಿರುವುದು 1890ರ ದಶಕದಿಂದ ಬಳಕೆಗೆ ಬಂದ ಶ್ರೇಡರ್ ವಾಲ್ವು. ಅದರಲ್ಲಿ ಸ್ಪ್ರಿಂಗೊಂದು ಚಿಕ್ಕ ಪಿನ್ನನ್ನು ಮೇಲಕ್ಕೆಳೆದು ರಬ್ಬರಿನ ಮೆತ್ತೆಯನ್ನು ಅದರ ಪೀಠಕ್ಕೆ ಒತ್ತಿ ಹಿಡಿದಿರುತ್ತದೆ. ಮುಚ್ಚಳವಿಲ್ಲದ ವಾಲ್ವಿನಲ್ಲಿ ದೂಳು ಸೇರಿ ಈ ಮೆತ್ತೆ ಸರಿಯಾಗಿ ಕೂರದೆ ಹೋಗುತ್ತದೆ. ನಾರಿನ ಪುಡಿ ಹಾರುವ ನಮ್ಮ ಕಡೆಯಲ್ಲಿ ಎರಡು ರೂಪಾಯಿಯ ಮುಚ್ಚಳವನ್ನು ಅಲಕ್ಷ್ಯ ಮಾಡಬಾರದು. ವಾಲ್ವಿನ ಬಾಯಿಗೆ ಒಂದು ಹನಿ ಎಂಜಲು ಸವರಿದರೆ ಸಾಕು, ಸೋರುತ್ತಿದ್ದರೆ ಅದು ಉಬ್ಬಿ ಗುಳ್ಳೆಯಾಗುತ್ತದೆ. ಹಾಗಾದಾಗ ಪಿನ್ನನ್ನು ಬದಲಿಸಿದರೆ ಕೆಲಸ ಮುಗಿಯಿತು.

ಬಿಚ್ಚಲಾಗದ ದೊಡ್ಡ ಚಕ್ರಗಳಿಗೆ ಸಾಬೂನಿನ ನೀರು ಉತ್ತಮ. ಬರಿಯ ನೀರಿನ ಮೇಲ್ಮೈ ಸೆಳೆತ ಬಲವಾದುದು; ಅದರಿಂದ ತೆಳುವಾದ ಪೊರೆಯನ್ನು ಹಿಗ್ಗಿಸಲಾಗುವುದಿಲ್ಲ, ಗುಳ್ಳೆ ಹುಟ್ಟುತ್ತಲೇ ಒಡೆಯುತ್ತದೆ. ಸಾಬೂನು ಆ ಸೆಳೆತವನ್ನು ಅರ್ಧಕ್ಕಿಂತ ಕೆಳಕ್ಕೆ ಇಳಿಸುವುದಲ್ಲದೆ, ಪೊರೆ ಎಲ್ಲಿ ತೆಳುವಾಯಿತೋ ಅಲ್ಲಿಗೆ ನೀರನ್ನು ಎಳೆದು ತುಂಬುತ್ತದೆ. ಹೀಗೆ ಗುಳ್ಳೆಗಳು ಒಡೆಯದೆ ಒಂದರ ಮೇಲೊಂದು ಕೂಡಿ ಬಿಳಿಯ ನೊರೆಯ ಮೊಗ್ಗಾಗುತ್ತವೆ. ಹನ್ನೆರಡು ಸೆಕೆಂಡಿಗೊಮ್ಮೆ ಹುಟ್ಟುವ ಗುಳ್ಳೆಯನ್ನು ಕಾದು ಕೂರಬೇಕಾಗಿಲ್ಲ. ಸವರಿಟ್ಟು ಕಾಫಿ ಕುಡಿದು ಬಂದು ನೋಡಬಹುದು. ಸಾಬೂನೂ ಇಲ್ಲದ ತೋಟದ ಮನೆಯಲ್ಲಿ ಅಂಟುವಾಳದ ಕಾಯಿಯನ್ನು ನೆನೆಸಿ ಕಿವುಚಿದ ನೀರು ಅಷ್ಟೇ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಅದರಲ್ಲಿರುವ ಸಪೋನಿನ್ ಎಂಬ ವಸ್ತುವಿನಿಂದ ಗಟ್ಟಿಯಾದ, ಬಹಳ ಹೊತ್ತು ನಿಲ್ಲುವ ನೊರೆ ಬರುತ್ತದೆ.

ಮುಳ್ಳು ಕಂಡಿತೆಂದು ಕೂಡಲೇ ಕೀಳಬಾರದು. ನಾಟಿದ ಮುಳ್ಳು ತಾನು ಮಾಡಿದ ತೂತಿಗೆ ತಾನೇ ಬಿರಡೆಯಾಗಿರುತ್ತದೆ. ನಿಂತಾಗ ಇಳಿಯದೆ ಓಡಿದಾಗ ಮಾತ್ರ ಗಾಳಿ ಇಳಿಯುವ ಚಕ್ರದ ರಹಸ್ಯ ಇದೇ: ಪ್ರತಿ ಸುತ್ತಿಗೂ ನೆಲ ತಗಲಿದಾಗ ಮುಳ್ಳು ಅಲುಗಿ, ಅಷ್ಟಷ್ಟೇ ಗಾಳಿಯನ್ನು ಬಿಡುತ್ತದೆ. ಕಿತ್ತರೆ ಅದೇ ಒಮ್ಮೆಗೇ ಆಗುವ ಪಂಕ್ಚರಾಗಿ ಮಾರ್ಪಡುತ್ತದೆ. ಆದುದರಿಂದ ಸೀಮೆಸುಣ್ಣದಿಂದ ಗುರುತು ಮಾಡಿ, ಸರಿಪಡಿಸುವ ಸಾಮಗ್ರಿ ಕೈಯಲ್ಲಿರುವ ಕಡೆಗೆ ಹೋಗಿ ಕೀಳುವುದು ಲೇಸು. ಕಿಬ್ಬನಹಳ್ಳಿ ಕ್ರಾಸಿನಲ್ಲಿ, ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿಗೆ ಹೋಗುವ ದಾರಿ ತಿಪಟೂರಿನ ಹೆದ್ದಾರಿಯನ್ನು ದಾಟುವಲ್ಲಿ, ಕೀಳುವುದಕ್ಕೂ ನಡುತೋಟದಲ್ಲಿ ಕೀಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಟ್ಯೂಬಿರುವ ಚಕ್ರದಲ್ಲಿ ತೂತಿನ ಸ್ಥಾನವೇ ಕಾರಣವನ್ನು ಹೇಳುತ್ತದೆ. ಹೊರಮಗ್ಗುಲಿನಲ್ಲಿ ಒಂದೇ ತೂತಿದ್ದರೆ ಮುಳ್ಳು ಅಥವಾ ಮೊಳೆ. ಹಾವು ಕಚ್ಚಿದ ಗುರುತಿನಂತೆ ಜೋಡಿ ಸೀಳುಗಳಿದ್ದರೆ, ಗಾಳಿ ಕಡಮೆಯಿದ್ದಾಗ ಚಕ್ರ ಗುಂಡಿಗೆ ಬಿದ್ದು, ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ನಜ್ಜಾಗಿದೆ ಎಂದರ್ಥ. ಒಳಮಗ್ಗುಲಿನಲ್ಲಿದ್ದರೆ ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತುದಿ ಚುಚ್ಚಿದೆ. ಟ್ಯೂಬನ್ನು ಹೊರತೆಗೆಯುವಾಗ ಅದು ಟಯರಿನೊಳಗೆ ಹೇಗೆ ಕೂತಿತ್ತೆಂಬುದನ್ನು ವಾಲ್ವಿನ ಗುರುತಿನಿಂದ ನೆನಪಿಟ್ಟುಕೊಂಡರೆ, ಟ್ಯೂಬಿನ ತೂತಿಗೆ ಎದುರಾಗಿ ಟಯರಿನಲ್ಲಿ ಮುಳ್ಳು ಎಲ್ಲಿರಬೇಕೆಂಬುದು ತಾನೇ ತಿಳಿಯುತ್ತದೆ. ಮುರಿದ ಮುಳ್ಳಿನ ತುದಿ ಟಯರಿನೊಳಗೆ ಉಳಿದಿದ್ದರೆ ಪ್ಯಾಚು ಹಾಕಿದ್ದು ವ್ಯರ್ಥ. ಮಾರನೆಯ ದಿನವೇ ಪಕ್ಕದಲ್ಲಿ ಇನ್ನೊಂದು ತೂತು. ಬೆರಳಿನಿಂದ ಸವರಿ ಹುಡುಕಿದರೆ ಗಾಯವಾಗುತ್ತದೆ. ಒಂದು ಹಿಡಿ ಹತ್ತಿಯನ್ನು ಒಳಗೆಲ್ಲ ಎಳೆದುಕೊಂಡು ಹೋದರೆ ಕಣ್ಣಿಗೆ ಕಾಣದ ಮುಳ್ಳಿನ ಮೊನೆಯೂ ಎಳೆಯನ್ನು ಹಿಡಿದು ನಿಲ್ಲಿಸುತ್ತದೆ.

ಇಷ್ಟು ಸುಲಭವಾಗಿ ಟಯರನ್ನು ಬಿಚ್ಚಬಹುದಾದುದು ಒಂದು ಪಂಕ್ಚರಿನ ಕೃಪೆಯಿಂದಲೇ. ಗಾಳಿ ತುಂಬಿದ ಚಕ್ರಕ್ಕೆ ಮೊದಲು ಪೇಟೆಂಟು ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಅದು ಆಗ ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದನು. ಆದರೆ ಡನ್‌ಲಪ್ಪನ ಟಯರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಪಟ್ಟಣದ ಮಿಷೆಲಿನ್ ಸಹೋದರರ ಕಾರ್ಖಾನೆಗೆ ಸವಾರನೊಬ್ಬ ಅಂತಹ ಟಯರನ್ನು ತಂದನು. ಕಿತ್ತು ಸರಿಪಡಿಸಲು ಗಂಟೆಗಟ್ಟಲೆ ಹಿಡಿಯಿತು, ಅಂಟು ಒಣಗಲು ಇಡೀ ರಾತ್ರಿ. ಇದರಿಂದ ಬೇಸತ್ತು ಅವರು 1891ರಲ್ಲಿ ಬಿಚ್ಚಬಹುದಾದ ಟಯರನ್ನು ರಚಿಸಿದರು. ಅದೇ ವರ್ಷ ಚಾರ್ಲ್ಸ್ ತೆರಾಂ ಅದನ್ನು ತೊಡಿಸಿಕೊಂಡು ಪ್ಯಾರಿಸಿನಿಂದ ಬ್ರೆಸ್ಟಿಗೆ ಹೋಗಿ ಹಿಂದಿರುಗುವ ಸುಮಾರು 1200 ಕಿಲೋಮೀಟರಿನ ಪಂದ್ಯವನ್ನು ಗೆದ್ದನು.

ಪ್ಯಾಚು ಹಾಕುವುದು ಅಂಟಿಸುವ ಕೆಲಸವೆಂದು ನಾವು ತಿಳಿದಿದ್ದೇವೆ. ಸರಿಯಾಗಿ ಮಾಡಿದಾಗ ಅದು ಅಂಟಿಸುವುದಲ್ಲ, ಬೆಸೆಯುವುದು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಂತೆ, ಗಂಧಕದೊಡನೆ ಕಾಯಿಸಿದ ರಬ್ಬರಿನಲ್ಲಿ ಅಣುಸರಪಣಿಗಳ ನಡುವೆ ಗಂಧಕದ ಸೇತುವೆಗಳು ಕಟ್ಟಿಕೊಂಡು ಅದು ಗಟ್ಟಿಯಾದ, ಸ್ಥಿತಿಸ್ಥಾಪಕವಾದ ವಸ್ತುವಾಗುತ್ತದೆ. ಟ್ಯೂಬು ಹೀಗೆ ಪಕ್ವವಾದ ರಬ್ಬರು. ಒಳ್ಳೆಯ ಪ್ಯಾಚಿನ ತಳಪದರ ಮಾತ್ರ ಇನ್ನೂ ಪಕ್ವವಾಗದ್ದು. ಮೊದಲು ಉಪ್ಪುಕಾಗದದಿಂದ ಟ್ಯೂಬಿನ ಮೈಯನ್ನು, ಪ್ಯಾಚಿಗಿಂತ ಒಂದು ಬೆರಳು ಅಗಲವಾಗಿ, ಹೊಳಪು ಹೋಗುವವರೆಗೆ ಉಜ್ಜಬೇಕು. ಕಾರ್ಖಾನೆಯಲ್ಲಿ ಅಚ್ಚಿಗೆ ಸವರಿದ ಜಿಡ್ಡು ಅಲ್ಲಿ ಉಳಿದಿರುತ್ತದೆ. ಬಳಿಕ ಸೊಲ್ಯೂಷನ್ನನ್ನು ತೆಳುವಾಗಿ ಸವರಬೇಕು. ಅದರಲ್ಲಿರುವ ದ್ರಾವಕವು ಮೈಯ ಸರಪಣಿಗಳನ್ನು ಉಬ್ಬಿಸಿ ಸಡಿಲಿಸುತ್ತದೆ. ಈಗ ಎಲ್ಲರೂ ಮಾಡುವ ಅವಸರವೆಂದರೆ ಹಸಿಯಿರುವಾಗಲೇ ಪ್ಯಾಚು ಒತ್ತುವುದು. ಆಗ ದ್ರಾವಕವು ಒಳಗೆ ಸೆರೆಯಾಗಿ, ಬಿಸಿಲಿಗೆ ಆವಿಯಾಗಿ ಪ್ಯಾಚನ್ನೇ ಎಬ್ಬಿಸುತ್ತದೆ. ಬೆರಳಿನ ಹಿಂಬದಿ ತಗಲಿಸಿದರೆ ಅಂಟುವಂತಿದ್ದು ಎಳೆ ಬರದಷ್ಟು ಒಣಗಲು ಐದು ನಿಮಿಷ ಬೇಕು. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಡುವ ನಾಡಿನವರಿಗೆ ಇದೇನು ಹೆಚ್ಚಲ್ಲ. ನಂತರ ಪ್ಯಾಚನ್ನು ನಡುವಿನಿಂದ ಅಂಚಿನ ಕಡೆಗೆ ಬಲವಾಗಿ ಒತ್ತಿದರೆ ಗಾಳಿ ಸಿಕ್ಕಿಕೊಳ್ಳದೆ ಎರಡು ಮೈಗಳ ಸರಪಣಿಗಳು ಹೆಣೆದುಕೊಳ್ಳುತ್ತವೆ. ಪದರದಲ್ಲಿರುವ ರಾಸಾಯನಿಕಗಳ ನೆರವಿನಿಂದ ಗಂಧಕದ ಸೇತುವೆಗಳು ಸಾಧಾರಣ ಉಷ್ಣತೆಯಲ್ಲೇ ಮೆಲ್ಲಗೆ ಕಟ್ಟುತ್ತವೆ. ಲಾರಿಯ ಟ್ಯೂಬುಗಳಿಗೆ ಬಿಸಿ ಪ್ಯಾಚು ಹಾಕುವಾಗ ಇದೇ ಕ್ರಿಯೆ ಒತ್ತುಯಂತ್ರದ ಶಾಖದಿಂದ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ದ್ರಾವಕದ ಆವಿ ಬೇಗ ಹೊತ್ತಿಕೊಳ್ಳುವಂತಹುದು. ಬೀಡಿ ಸೇದುತ್ತ ಈ ಕೆಲಸಕ್ಕೆ ಕೂರಬಾರದು.

ಟ್ಯೂಬಿಲ್ಲದ ಟಯರಿಗೆ ಹೊರಗಿನಿಂದ ರಬ್ಬರಿನ ಅಂಟುಬತ್ತಿಯನ್ನು ತುರುಕುವುದು ಈಗ ಎಲ್ಲೆಲ್ಲೂ ರೂಢಿ. ಊರು ಸೇರಲು ಅದು ಸಾಕು. ದೂರದ ಪ್ರಯಾಣ ಮಾಡುವವರು ಟಯರನ್ನು ಬಿಚ್ಚಿಸಿ, ಒಳಗಿನಿಂದ ಅಣಬೆಯ ಆಕಾರದ ಪ್ಯಾಚನ್ನು ಹಾಕಿಸುವುದು ಮೇಲು. ಹಾಗೆ ಬಿಚ್ಚಿದಾಗಲೇ ಪಕ್ಕದ ಪದರಗಳು ಕಾಯ್ದು ಕೆಟ್ಟಿವೆಯೇ ಎಂಬುದೂ ಕಾಣುತ್ತದೆ. ನೆಲ ತಗಲುವ ಭಾಗದಲ್ಲಿ, 6 ಮಿಲಿಮೀಟರಿಗಿಂತ ದೊಡ್ಡದಲ್ಲದ ತೂತಿಗೆ ಮಾತ್ರ ಈ ಚಿಕಿತ್ಸೆ. ಪ್ರತಿ ಸುತ್ತಿಗೂ ಬಗ್ಗುವ ಪಕ್ಕದ ಗೋಡೆಯಲ್ಲಿ ಯಾವ ಪ್ಯಾಚೂ ನಿಲ್ಲದು. ಆ ಟಯರನ್ನು ಬದಲಾಯಿಸಲೇಬೇಕು. ಎಲ್ಲಿಯೂ ತೂತು ಕಾಣದೆ ರಿಮ್ಮಿನ ಅಂಚಿನುದ್ದಕ್ಕೂ ಸಣ್ಣ ನೊರೆ ಎದ್ದರೆ ಅಪರಾಧಿ ತುಕ್ಕು. ಟಯರಿನ ಅಂಚು ಕೂರುವ ಜಾಗದಲ್ಲಿ ತುಕ್ಕಿನ ಹಕ್ಕಳೆ ಎದ್ದು ಗಾಳಿಗೆ ಸಂದು ಬಿಡುತ್ತದೆ. ಅದನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಬಣ್ಣ ಬಳಿದು ಕೂರಿಸಬೇಕು. ತೂತು ಮುಚ್ಚುವ ದ್ರವಗಳನ್ನು ಸುರಿಯುವುದರಿಂದ ಇಂತಹ ಸೋರಿಕೆ ಕೆಲಕಾಲ ಮರೆಯಾಗುವುದೇ ಹೊರತು ತುಕ್ಕು ನಿಲ್ಲುವುದಿಲ್ಲ.

ಟ್ರಾಕ್ಟರಿನ ಹಿಂದಿನ ಚಕ್ರಗಳಿಗೆ ಭಾರಕ್ಕಾಗಿ ನೀರು ತುಂಬಿದ್ದರೆ ತೂತು ಕೆಳಗಿರುವಾಗ ಗುಳ್ಳೆಯ ಬದಲು ನೀರೇ ಜಿನುಗುತ್ತದೆ. ವಾಲ್ವನ್ನು ಮೇಲಕ್ಕೆ ತಂದು ಒತ್ತಡ ಅಳೆಯಬೇಕು. ಲಾರಿಯ ಕೆಲವು ರಿಮ್ಮುಗಳಲ್ಲಿ ಟಯರನ್ನು ಬಿಗಿಹಿಡಿಯುವ ಉಕ್ಕಿನ ಬಳೆ ಬೇರೆಯಾಗಿರುತ್ತದೆ. ಒಳಗೆ ಗಾಳಿಯಿರುವಾಗ ಇದನ್ನು ಎಬ್ಬಿಸಿದರೆ, ಅಥವಾ ಸರಿಯಾಗಿ ಕೂರಿಸದೆ ಗಾಳಿ ತುಂಬಿದರೆ, ಬಳೆಯು ಗುಂಡಿನಂತೆ ಹಾರಿ ಎದುರಿಗಿದ್ದವರ ಪ್ರಾಣ ತೆಗೆಯಬಲ್ಲದು. ವಾಲ್ವಿನ ಪಿನ್ನನ್ನು ತೆಗೆದು ಗಾಳಿಯನ್ನು ಪೂರ್ತಿ ಬಿಟ್ಟ ಮೇಲೆಯೇ ಕೈಹಾಕುವುದು, ತುಂಬುವಾಗ ಎದುರಿಗೆ ನಿಲ್ಲದೆ ಕಬ್ಬಿಣದ ಪಂಜರದೊಳಗೆ ಚಕ್ರವನ್ನಿಡುವುದು, ಇವೆರಡರಲ್ಲಿ ರಿಯಾಯಿತಿಯಿಲ್ಲ. ವಿದ್ಯಾರ್ಥಿಗಳು ಈ ಕೆಲಸವನ್ನು ದೂರದಿಂದ ನೋಡಿದರೆ ಸಾಕು.

ಸರಿಪಡಿಸಿದ ಚಕ್ರಕ್ಕೆ ಗಾಳಿ ತುಂಬಿದ ಮೇಲೆ ವಾಲ್ವಿನ ಬಾಯಿಗೆ ಮತ್ತೊಮ್ಮೆ ನೀರು ಸವರಿ ನೋಡಿ ಮುಚ್ಚಳ ಹಾಕಿ. ಮೊದಲು ಬರೆದಿಟ್ಟ ಅಂಕಿಗಳ ಕೆಳಗೆ ಮುಂದಿನ ಮೂರು ಬೆಳಗಿನ ಅಂಕಿಗಳನ್ನೂ ಬರೆಯಿರಿ. ಪಕ್ಕದ ಚಕ್ರದೊಡನೆ ಅದು ಸಮನಾಗಿ ಏರಿಳಿದರೆ ತೂತು ಮುಚ್ಚಿದೆ. ಅದೊಂದೇ ಇಳಿದರೆ ಇನ್ನೊಂದು ಮುಳ್ಳಿದೆ, ಹತ್ತಿಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.